ಪೊಟ್ಟಣದ ಒಳಮೈಯ ಅಳತೆಗಳು

ಅಂಗಡಿಯ ಮೇಲಿನ ಮನೆ,
ಬುಧವಾರ, ಮಾರ್ಚ್ ಹನ್ನೊಂದು

ಪ್ರೀತಿಯ ಇವಳೇ,

ಹೇಗಿದ್ದೀಯ? ಬಾಣಂತಿ ಹೇಗಿದ್ದಾಳೆ? ಮೊಮ್ಮಗಳು ಹಗಲೆಲ್ಲ ಗೊರಕೆ ಹೊಡೆದು ಕತ್ತಲಾದ ಮೇಲೆ ಮನೆಮಂದಿಯನ್ನೆಲ್ಲ ಕುಣಿಸುತ್ತಾಳೆ ಎಂದು ಬರೆದಿದ್ದೀಯಲ್ಲ, ಈಗಲಾದರೂ ದಾರಿಗೆ ಬಂದಳೋ ಇಲ್ಲವೋ? ಮಗಳಿಗೆ ಹೇಳು, ಅವಳೂ ನಮ್ಮನ್ನು ಹೀಗೆಯೇ ಸತಾಯಿಸಿದ್ದಳು. ನಾನು ಚೆನ್ನಾಗಿದ್ದೇನೆ. ಗಂಟಲಿನ ಕೊಳವೆಯನ್ನು ನೀನು ಹೇಳಿಕೊಟ್ಟ ಹಾಗೆಯೇ ದಿನಕ್ಕೆರಡು ಸಲ ತೆಗೆದು ತೊಳೆದು ಹಾಕಿಕೊಳ್ಳುತ್ತೇನೆ. ಹನ್ನೆರಡು ದಿನಗಳಲ್ಲಿ ಅಡುಗೆ ಸೀದದ್ದು ನಾಲ್ಕೇ ಸಲ. ಫೋನ್ ಮಾಡಿ ಎಂದು ಅಳಿಯಂದಿರು ಹೇಳಿ ಕಳಿಸಿದ್ದರು. ಅವರ ಮನಸ್ಸು ದೊಡ್ಡದು. ಆದರೆ ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಈ ಯಂತ್ರ, ಅದೇ ನೀನು ಜೀರುಂಡೆ ಎಂದು ಕರೆಯುವುದು, ಫೋನಿನಲ್ಲಿ ಗುಂಯ್ ಎಂದರೆ ಕೂಸು ಬೆಚ್ಚಿಬಿದ್ದೀತು. ಅಜ್ಜನ ಪರಿಚಯ ಅವಳಿಗೆ ಹಾಗೆ ಆಗುವುದು ಬೇಡ. ಕಾಗದದಲ್ಲಾದರೆ ನನ್ನ ದನಿ ಮೊದಲಿನ ಹಾಗೆಯೇ ಇದೆ, ನೋಡು.

ನಿನ್ನ ಎದೆ ಹೊಡೆದುಕೊಳ್ಳುವುದು ಬೇಡ, ಮೊದಲೇ ಹೇಳಿಬಿಡುತ್ತೇನೆ. ಗೆದ್ದೆವು. ನಿನ್ನೆ ಮಧ್ಯಾಹ್ನ ತೀರ್ಪು ಬಂತು. ಸಿಗರೇಟು ಕಂಪನಿಯೇ ನನ್ನ ಗಂಟಲಿಗೆ ಜವಾಬ್ದಾರಿ ಎಂದು ನ್ಯಾಯಾಧೀಶರು ಬಾಯಿ ಬಿಟ್ಟು ಹೇಳಿದರು. ವಕೀಲಮ್ಮ ನನ್ನ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. ನನಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು, ಮರುಗಳಿಗೆಯಲ್ಲೇ ಪಕ್ಕಕ್ಕೆ ತಿರುಗಿ ನಿನ್ನನ್ನು ಹುಡುಕಿದೆ. ಮಗುವೂ ಸರಿಯಾದ ಹೊತ್ತೇ ಆರಿಸಿಕೊಂಡಿತು, ಹೇಳಿದ ದಿನಕ್ಕಿಂತ ಮೂರು ವಾರ ಮೊದಲೇ ಹುಟ್ಟಿ ನಿನ್ನನ್ನು ಅಲ್ಲಿಗೆ ಎಳೆದುಕೊಂಡಿತು. ಇರಲಿ, ನೀನು ಕಣ್ಣಾರೆ ಕಾಣದೆ ಹೋದದ್ದನ್ನು ನಾನೇ ವಿವರವಾಗಿ ಬರೆಯುತ್ತೇನೆ. ಗೊತ್ತಿರುವುದನ್ನೂ ಸೇರಿಸಿಯೇ ಬರೆಯುತ್ತೇನೆ, ಮುಂದೆ ಮೊಮ್ಮಗಳು ಓದಲಿ.

ವಕೀಲಮ್ಮ ಮೊದಲ ದಿನ ಮನೆಗೆ ಬಂದು ಕೇಳಿದ್ದು ನೆನಪಿದೆಯೇ? 'ಮೂವತ್ತು ವರ್ಷ ಇವರದ್ದೇ ಸಿಗರೇಟು ಸೇದಿದ್ರಿ ಅನ್ನೋದಕ್ಕೆ ಸಾಕ್ಷಿ ಏನಿದೆ?' ಅಂತ. ನಾನು ಕೈ ಚೆಲ್ಲಿ ಕೂತೆ. ಹೊಗೆಗೆ ಯಾರಾದರೂ ರಸೀತಿ ಇಟ್ಟುಕೊಳ್ಳುತ್ತಾರೆಯೇ? ಆಗ ನೀನು ಒಳಗೆ ಹೋಗಿ, ಮಂಚದ ಕೆಳಗಿನಿಂದ ಬಿಸ್ಕತ್ತಿನ ಹನ್ನೊಂದು ಡಬ್ಬಗಳನ್ನು ಒಂದೊಂದಾಗಿ ಎಳೆದು ತಂದೆ. ಗಿರಾಕಿಗಳ ಅಳತೆಯನ್ನು ನಾನು ಪುಸ್ತಕದಲ್ಲಿ ಬರೆದವನೇ ಅಲ್ಲ. ಖಾಲಿಯಾದ ಸಿಗರೇಟಿನ ನೀಲಿ ಪೊಟ್ಟಣವನ್ನು ಕತ್ತರಿಯಿಂದ ಬಿಡಿಸಿ, ಒಳಮೈಯ ಬಿಳಿಯ ಮೇಲೆ ಇಂಥವರು, ಇಂಥ ತಾರೀಖು, ಎದೆ ಇಷ್ಟು, ಸೊಂಟ ಇಷ್ಟು, ತೋಳು ಇಷ್ಟು ಎಂದು ಬರೆದು ಮೊಳೆಗೆ ಚುಚ್ಚುತ್ತಿದ್ದೆ, ಹೊಲಿದಾದ ಮೇಲೆ ಆ ಡಬ್ಬಗಳಿಗೆ ಹಾಕುತ್ತಿದ್ದೆ. ಗಟ್ಟಿ ರಟ್ಟು, ಪುಕ್ಕಟೆ ಸಿಗುತ್ತದೆ ಎಂದು ಹೆಮ್ಮೆ ಬೇರೆ. ಗಂಟಲಿನ ಕ್ಯಾನ್ಸರಿಗೆ ಆಪರೇಷನ್ ಆಗಿ ಮನೆಗೆ ಬಂದ ದಿನ ಅವನ್ನೆಲ್ಲ ಒಲೆಗೆ ಹಾಕೆಂದು ಸನ್ನೆ ಮಾಡಿದ್ದೆ. 'ರೀ, ಮನುಷ್ಯರ ಅಳತೇನ ಬೆಂಕಿಗೆ ಹಾಕಬಾರದು' ಎಂದು ಗದರಿಸಿ ಸುಮ್ಮನಾಗಿಸಿದವಳು ನೀನು. ಮುದುಕಿಯ ಹುಚ್ಚು ಎಂದುಕೊಂಡಿದ್ದೆ. ನನ್ನ ಬುದ್ಧಿ ಇಷ್ಟೇ! ಇನ್ನು ಮೇಲೆ ನೀನು ಏನು ಹೇಳಿದರೂ ಮೂಗು ಮುರಿಯುವುದಿಲ್ಲ, ಒಂದು ವಾರದ ಮಟ್ಟಿಗಾದರೂ.

ಈಗ ಒಂದು ತಪ್ಪೊಪ್ಪಿಗೆ. ನೀನು ಊಟ ನಿದ್ದೆ ಬಿಟ್ಟು ಆ ಪೊಟ್ಟಣಗಳನ್ನು ವರ್ಷವಾರು ಜೋಡಿಸಿ ದಾರ ಕಟ್ಟಿ ಹೋಗಿದ್ದೆಯಲ್ಲ, ವಿಚಾರಣೆಯ ಹಿಂದಿನ ದಿನ ನಾನು ಅದನ್ನೆಲ್ಲ ಬಿಚ್ಚಿ ಹರವಿಕೊಂಡು ಕೂತೆ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಎನ್ನುತ್ತೀಯ, ಅನ್ನು. ದರ್ಜಿಯ ಕಣ್ಣಿಗೆ ವರ್ಷ ಕಾಣುವುದಿಲ್ಲ, ಗಿರಾಕಿ ಕಾಣುತ್ತಾನೆ. ಒಬ್ಬೊಬ್ಬ ಗಿರಾಕಿಯ ಪೊಟ್ಟಣಗಳನ್ನು ಒಟ್ಟು ಮಾಡಿ, ಎದೆಯಳತೆ ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿಟ್ಟೆ. ಹುಡುಕಲು ಸಲೀಸು ಎಂದು ನನ್ನ ಲೆಕ್ಕ. ಮರುದಿನ ಕೋರ್ಟಿನಲ್ಲಿ ವಕೀಲಮ್ಮ ಡಬ್ಬದ ಮುಚ್ಚಳ ತೆಗೆದವಳೇ ಬಿಳಿಚಿಕೊಂಡಳು. ಮೊದಲ ವರ್ಷದ್ದು ಯಾವುದು, ಕೊನೆಯದು ಯಾವುದು, ಒಂದೂ ಕೈಗೆ ಸಿಗಲಿಲ್ಲ. ಕಂಪನಿಯ ವಕೀಲರು ಎದ್ದು ನಿಂತು 'ಸ್ವಾಮಿ, ಇದು ದಾಖಲೆನೋ, ಅಂಗಡಿ ಗುಡಿಸಿದ ಕಸಾನೋ?' ಎಂದರು. ಜನ ನಕ್ಕರು. ನೆಲ ಬಾಯಿ ಬಿಟ್ಟರೆ ಇಳಿದುಹೋಗೋಣ ಅನ್ನಿಸಿತು. ಅಂಥ ಹೊತ್ತಿನಲ್ಲೂ ಅವರ ಕೋಟಿನ ಬಲತೋಳು ಎಳೆದುಕೊಂಡಿದ್ದು ನನ್ನ ಕಣ್ಣಿಗೆ ಬಿತ್ತು ನೋಡು. ಅಷ್ಟು ದುಡ್ಡು ಕೊಟ್ಟು ಯಾರ ಹತ್ತಿರ ಹೊಲಿಸಿದರೋ ಪಾಪ.

ನ್ಯಾಯಾಧೀಶರು ಮಾತ್ರ ನಗಲಿಲ್ಲ. ಮೇಲಿದ್ದ ಒಂದು ಕಟ್ಟನ್ನು ತರಿಸಿಕೊಂಡು ಒಂದೊಂದೇ ಪೊಟ್ಟಣ ಮಗುಚುತ್ತ ಹೋದರು. ಅದು ನಮ್ಮ ಗಡಿಯಾರದವರ ಕಟ್ಟು. ಎದುರಿನ ಗಡಿಯಾರ ರಿಪೇರಿ ಅಂಗಡಿ ಮುಚ್ಚಿ ದಿನಾ ಸಂಜೆ ನಮ್ಮ ಬೆಂಚಿನ ಮೇಲೆ ಬಂದು ಕೂರುತ್ತಿದ್ದರಲ್ಲ, ನನ್ನ ಪೊಟ್ಟಣದಿಂದ ಒಂದು, ಅವರ ಪೊಟ್ಟಣದಿಂದ ಒಂದು ಸೇದುತ್ತ. ತಾರೀಖುಗಳೂ ಅದೇ ಸಾಲಿನಲ್ಲಿ ಒಂದಕ್ಕಿಂತ ಒಂದು ಈಚಿನವೇ ಆಗಿದ್ದದ್ದನ್ನು ಕಂಡು ನ್ಯಾಯಾಧೀಶರು ಗಟ್ಟಿಯಾಗಿ ಓದಿದರು. ಎದೆ ನಲವತ್ತು. ಎದೆ ಮೂವತ್ತೊಂಬತ್ತು. ಮೂವತ್ತಾರು. ಮೂವತ್ತಮೂರು. ಓದುತ್ತ ಓದುತ್ತ ಅವರ ದನಿ ಸಣ್ಣಗಾಯಿತು. 'ಇವರು ಯಾಕೆ ಹೀಗೆ ಇಳಿದರು?' ಎಂದು ನನ್ನನ್ನು ಕೇಳಿದರು. ನಾನು ಜೀರುಂಡೆಯನ್ನು ಗಂಟಲಿಗೆ ಒತ್ತಿ ಹಿಡಿದು ಹೇಳಿದೆ: 'ನಂಗೆ ಗೊತ್ತಿಲ್ಲ ಸ್ವಾಮಿ. ಪ್ರತಿ ಸಲಾನೂ ಅಂಗಿ ಬಿಗಿ ಮಾಡಿಕೊಟ್ಟೆ. ಯಾಕೆ ಇಳಿದ್ರಿ ಅಂತ ಒಂದು ಸಲಾನೂ ಕೇಳಲಿಲ್ಲ.' ಇವಳೇ, ಆ ಮಾತು ಆಡಿದ ಮೇಲೆಯೇ ನನಗೂ ಅದು ತಿಳಿದದ್ದು. ಗಡಿಯಾರದವರು ಹೋಗಿ ಆರು ವರ್ಷವಾಯಿತು, ನಾನು ಅಲ್ಲಿಯೇ ಅತ್ತುಬಿಟ್ಟೆ. ಹೀಗೆಯೇ ವರ್ಷ ಕಳೆದಂತೆ ಅಳತೆ ಇಳಿದವರ ಇನ್ನೂ ಏಳು ಕಟ್ಟುಗಳು ಡಬ್ಬದಲ್ಲಿದ್ದವು. ಎಲ್ಲವೂ ಆ ಕಂಪನಿಯದೇ ರಟ್ಟಿನ ಮೇಲೆ, ತಾರೀಖಿನ ಸಮೇತ. ನೀನು ಕಟ್ಟಿದ ಹಾಗೆಯೇ ವರ್ಷವಾರು ಇದ್ದಿದ್ದರೆ ನಾನು ಅವರ ಸಿಗರೇಟು ಸೇದಿದೆ ಎಂಬುದಷ್ಟೇ ಕಾಣುತ್ತಿತ್ತು. ಆದರೆ ಜಂಬ ಕೊಚ್ಚಿಕೊಳ್ಳುವ ಮುಖ ನನಗಿಲ್ಲ. ನೀನು ಉಳಿಸಿದ್ದಕ್ಕೇ ನಾನು ಕೆದಕಲು ಸಾಧ್ಯವಾದದ್ದು.

ಕಂಪನಿಯ ವಕೀಲರು ಅಷ್ಟಕ್ಕೇ ಬಿಡಲಿಲ್ಲ. ಇವರ ಬಾಯಿಗೆ ಯಾರೂ ತುರುಕಲಿಲ್ಲ, ಬೆಂಕಿ ಹಚ್ಚಿಕೊಂಡದ್ದು ಇವರೇ ಎಂದರು. ಅದನ್ನೇ ನಾನೂ ಎಷ್ಟು ವರ್ಷ ನಂಬಿಕೊಂಡಿದ್ದೆ! ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿ ಮಾಡಿದ್ದುಣ್ಣೋ ಮಹರಾಯ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕೇಸು ಹಾಕೋಣ ಎಂದು ನೀನು ಅಂದಾಗ ಯಾವ ಮುಖ ಇಟ್ಟುಕೊಂಡು ಎಂದು ಚೀಟಿ ಬರೆದು ತೋರಿಸಿದ್ದೆ. ನ್ಯಾಯಾಧೀಶರು ಒಂದು ಹಳೆಯ ಪೊಟ್ಟಣವನ್ನು ತಿರುಗಿಸಿ ಹೊರಮೈ ನೋಡಿದರು. ಅಲ್ಲಿ ಬಂಗಾರದ ಅಕ್ಷರದಲ್ಲಿ 'ಹಗುರ, ಗಂಟಲಿಗೆ ಹಿತ' ಎಂದು ಅಚ್ಚಾಗಿತ್ತು. ಆಮೇಲೆ ನನ್ನ ಕೊರಳಿನ ತೂತನ್ನು ನೋಡಿದರು. ನೀವೇನಾದರೂ ಹೇಳುತ್ತೀರಾ ಎಂದು ಕೇಳಿದರು. 'ಬೆಂಕಿ ಹಚ್ಚಿದ್ದು ನಾನೇ ಸ್ವಾಮಿ, ಇಲ್ಲ ಅನ್ನಲ್ಲ. ಗಂಟಲಿಗೆ ಹಿತ ಅಂತ ಬರೆದೋನು ನಾನಲ್ಲ' ಎಂದೆ. ಜೀರುಂಡೆಯ ದನಿ ಡಬ್ಬದೊಳಗೆ ದುಂಬಿ ಹೊಕ್ಕ ಹಾಗೆ ಕೇಳಿಸುತ್ತಿತ್ತು, ಆದರೂ ಯಾರೂ ನಗಲಿಲ್ಲ.

ತೀರ್ಪು ಹೀಗಿದೆ. ನನ್ನ ಚಿಕಿತ್ಸೆಯ ಖರ್ಚು, ಹಿಂದಿನದೂ ಮುಂದಿನದೂ, ಕಂಪನಿಯದು. ಅದಲ್ಲದೆ ನಮ್ಮ ಅಂಗಡಿಯ ಆ ಹೊಗೆಯೊಳಗೆ ವರ್ಷಗಟ್ಟಲೆ ಕೂತವರು, ದುಡಿದವರು, ಬದುಕಿರುವಷ್ಟು ಮಂದಿಗೂ ಅವರದೇ ಖರ್ಚಿನಲ್ಲಿ ಎದೆಯ ತಪಾಸಣೆ ಆಗಬೇಕು. ಯಾರು ಯಾರು ಎಂದು ಪಟ್ಟಿ ಬರೆದುಕೊಡುವುದು ನನ್ನ ಕೆಲಸ. ಅವರು ಮೇಲಿನ ಕೋರ್ಟಿಗೆ ಹೋಗದೆ ಬಿಡುವುದಿಲ್ಲ ಎಂದಳು ವಕೀಲಮ್ಮ, ಆದರೆ ತಪಾಸಣೆ ಮಾತ್ರ ಅಲ್ಲಿಯತನಕ ಕಾಯುವ ಹಾಗಿಲ್ಲವಂತೆ. ಬೆಳಿಗ್ಗೆಯಿಂದ ಬಾಗಿಲು ಬಾಗಿಲು ತಿರುಗಿ ನಲವತ್ತೊಂದು ಹೆಸರು ಬರೆದುಕೊಂಡು ಬಂದೆ. ಕೆಲವರು ನಕ್ಕರು, ಕೆಲವರು ಕೂರಿಸಿ ಕಾಫಿ ಕೊಟ್ಟರು, ಒಬ್ಬ ಹಳೆಯ ಗಿರಾಕಿ ನನ್ನ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ನನಗೆ ಎಷ್ಟು ಜನರ ಋಣ, ಇವಳೇ! ಆ ವಕೀಲಮ್ಮನದು, ಕೊಳವೆ ಹಾಕಿದ ನರ್ಸಮ್ಮನದು, ದನಿ ಹೋದ ಮೇಲೂ ಬಟ್ಟೆ ತಂದುಕೊಟ್ಟವರದು. ಎಲ್ಲರಿಗಿಂತ ಮೊದಲು ನಿನ್ನದು. ದನಿ ಇದ್ದಾಗ ಒಂದು ದಿನವೂ ಇದನ್ನು ಹೇಳದ ದಡ್ಡ ನಾನು. ಈಗ ಬರೆದಿದ್ದೇನೆ, ಎರಡು ಸಲ ಓದಿಕೋ.

ಮಗಳಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ. ಕೂಸಿನ ಎರಡೂ ಅಂಗಾಲಿಗೆ ನನ್ನ ಲೆಕ್ಕದಲ್ಲಿ ಒಂದೊಂದು ಮುತ್ತು ಕೊಡು. ನೂರು ವರ್ಷ ಬಾಯಿ ತುಂಬ ಮಾತಾಡಲಿ ಅವಳು.

ಇಂತಿ,
ನಿನ್ನ 'ಇವರು'

ತಾ.ಕ.: ಅಂಚೆಯವರು ಬರುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನಾನು ಹೊಲಿದು ಕಳಿಸಿದ ಉಣ್ಣೆ ಕೋಟು ಸಡಿಲ, 'ರೀ, ಕಣ್ಣಿಗೆ ಪೊರೆ ಬಂತೇನು, ಇದರೊಳಗೆ ನಾನೂ ಹಿಡೀತೀನಿ ಬಾಣಂತೀನೂ ಹಿಡೀತಾಳೆ' ಎಂದು ಬರೆದಿದ್ದೀಯ. ಓದಿ ನಕ್ಕೆ. ಆಮೇಲೆ ನಗು ಬರಲಿಲ್ಲ. ನಿನ್ನ ಅಳತೆ ಯಾವ ಪೊಟ್ಟಣದ ಮೇಲೂ ಇಲ್ಲ, ನನ್ನ ಕೈಗೇ ಗೊತ್ತು ಎಂದು ಬರೆದೇ ಇರಲಿಲ್ಲ. ಹಳೆಯ ಅಳತೆಗೇ ಹೊಲಿದಿದ್ದೇನೆ, ಕೈ ತಪ್ಪಿಲ್ಲ. ನೀನು ಇಳಿದಿದ್ದೀಯ. ಮೂವತ್ತು ವರ್ಷ ನನ್ನ ಮಗ್ಗುಲಲ್ಲೇ ಕೂತು ಗುಂಡಿ ಹಾಕಿದವಳು ನೀನು, ಪಟ್ಟಿಯಲ್ಲಿ ಮೊದಲನೆಯ ಹೆಸರು ನಿನ್ನದೇ ಬರೆದಿದ್ದೇನೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಎದೆಯ ಡಾಕ್ಟರು ಕಾಯುತ್ತಾರೆ. ಭಾನುವಾರದ ಬಸ್ಸಿಗೆ ಹೊರಟು ಬಾ, ಬಾಣಂತಿಯನ್ನು ಅಳಿಯಂದಿರು ಎರಡು ದಿನ ನೋಡಿಕೊಳ್ಳಲಿ. ಕೋಟು ಬಿಗಿ ಮಾಡಿಕೊಡಿ ಎಂದು ಮಾತ್ರ ಕೇಳಬೇಡ. ಮಾಡಿಕೊಡುವುದಿಲ್ಲ.