ಚಿಕ್ಕ ಹೆಲ್ಮೆಟ್ಟೇ ಸರಿಯಾಗಿತ್ತು

ಆಳಂದ, ೧೪ ನವೆಂಬರ್ ೧೯೯೨, ಶನಿವಾರ

ಇವತ್ತು ಸುಳ್ಳು ಹೇಳಿದೆ. ಹೊಲಿಗೆ ಕಲಿತ ಮೇಲೆ ಅಳತೆಯ ವಿಷಯದಲ್ಲಿ ಇದೇ ಮೊದಲು.

ಮಟಕಿ ಊರಿನ ಮಲ್ಲಿನಾಥ ಸೈಕಲ್ ರೇಸಿಗೆಂದು ಸೊಲ್ಲಾಪುರದಿಂದ ಎರಡು ಹೆಲ್ಮೆಟ್ಟು ತಂದಿದ್ದ. ಬೇಡವಾದದ್ದನ್ನು ನಾಳೆ ಅಂಗಡಿಗೆ ವಾಪಸು ಒಯ್ಯಬೇಕು.

"ಅಳತಿ ನಿಮಗ ತಿಳೀತದ, ನೀವ ಆರಿಸ್ರಿ," ಎಂದು ನನ್ನ ಮಷೀನಿನ ಮುಂದೆ ಕುಳಿತ.

ಅವನ ಅಂಗಿಗೆ ಎಷ್ಟೋ ಸಲ ಅಳತೆ ತೆಗೆದಿದ್ದೇನೆ, ತಲೆ ಮುಟ್ಟಿದ್ದು ಇವತ್ತೇ. ಹಣೆಯ ಸುತ್ತ ಟೇಪು ತಂದಾಗ ಕಣ್ಣು ಮುಚ್ಚಿಕೊಂಡ. ಬಿಸಿಲಿಗೆ ಕಾದ ಕೂದಲು ಇನ್ನೂ ಬೆಚ್ಚಗಿತ್ತು.

ಚಿಕ್ಕದು ಸರಿಯಾಗಿ ಕೂತಿತು. ತಲೆ ಅಲ್ಲಾಡಿಸಿದರೂ ಜರುಗಲಿಲ್ಲ. ಅದೇ ಇರಲಿ ಎಂದರೆ ಎದ್ದು ಹೋಗುತ್ತಿದ್ದ.

"ದೊಡ್ಡದು ಇಟ್ಕೋರಿ," ಎಂದೆ. "ಒಳಗ ಸ್ಪಂಜಿನ ಪಟ್ಟಿ ಹೊಲದು ಕೊಡ್ತೇನಿ. ನಾಕ ಸಲ ಬಂದು ಹಾಕ್ಕೊಂಡು ನೋಡಬೇಕಾಗ್ತದರಿ."

"ಬರ್ತೇನ್ರಿ," ಎಂದ. ಎಷ್ಟು ಬೇಗ ಎಂದ.

ಆ ದೊಡ್ಡದು ಈಗ ನನ್ನ ಮಷೀನಿನ ಮೇಲಿದೆ. ಎಷ್ಟು ಪಟ್ಟಿ ಹೊಲಿದರೂ ಇದು ಜಾರುತ್ತದೆ. ರೇಸಿನಲ್ಲಿ ಅವನು ಬಿದ್ದರೆ?

ಚಿಕ್ಕದನ್ನು ವಾಪಸು ಕೊಡಲು ಅವನು ಬೆಳಿಗ್ಗೆ ಆರರ ಮೊದಲ ಬಸ್ಸಿಗೆ ಸೊಲ್ಲಾಪುರಕ್ಕೆ ಹೋಗುತ್ತಾನೆ. ಅದಕ್ಕೂ ಮುಂಚೆ ದೊಡ್ಡದನ್ನು ಹಿಡಿದು ಸ್ಟ್ಯಾಂಡಿಗೆ ಹೋಗಿ, ಚಿಕ್ಕದೇ ಸರಿ ಎಂದು ಹೇಳಿಬಿಡುತ್ತೇನೆ. ನಿನ್ನೆ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಬಹುದು. ಕೇಳಿದರೆ ಕೇಳಲಿ. ಏನನ್ನೂ ಕೇಳದೆ ಬಸ್ಸು ಹತ್ತಿಬಿಟ್ಟರೆ? ನನಗೆ ಭಯ ಅದಕ್ಕೇ.