ಕಾಗಲ ನಾಕಾದಲ್ಲಿ ಊದಿದ್ದು

ಪಾರೀಸಾ,

ನೀನು ತೀರಿಕೊಂಡು ವರ್ಷವಾಯಿತು, ಆದರೂ ಬರೆಯುತ್ತಿದ್ದೇನೆ. ಇಂದು ಮಧ್ಯಾಹ್ನ ಇಚಲಕರಂಜಿಯಿಂದ ನೂಲಿನ ಲಾರಿ ತರುವಾಗ ಕಾಗಲದ ತಪಾಸಣಾ ನಾಕಾದಲ್ಲಿ ಪೊಲೀಸ್ ಫೌಜದಾರರು ತಡೆದರು. ಪಕ್ಕದಲ್ಲಿ ಮಗಳು ಜನಾ ಇದ್ದಳು.

"ಬಾಯಿ ತೆಗದು ಊದೋ" ಎಂದು ಮೂಗು ಹತ್ತಿರ ತಂದರು. ಊದಿದೆ.

"ವಾಸನೀನ ಇಲ್ಲಲ್ಲೋ! ಕುಡಿಯೂದಿಲ್ಲೇನು?"

"ಬಿಟ್ಟು ಐದು ವರ್ಷಾತ್ರಿ. ಕುಡದು ಲಾರಿ ಹೊಡೀತಿದ್ದೆ, ಇದ ನಾಕಾದಾಗ ನನ್ನ ಗೆಳ್ಯಾ ಒಬ್ಬಾಂವನ ಪೊಲೀಸರಿಗೆ ಹೇಳಿ ನನ್ನ ಹಿಡಿಸಿ ಕೊಟ್ಟಿದ್ದರಿ."

"ಭಲೆ ಗೆಳ್ಯಾ! ಮತ್ತ ನೀ ಅಂವಗ ಏನಂದಿ?"

ನಾನು ಲೈಸೆನ್ಸು ತೆಗೆದು ಮುಂದೆ ಹಿಡಿದೆ. ಅವರು ನಗುತ್ತ ಬಿಟ್ಟರು.

ಮುಂದೆ ಜನಾ ಕೇಳಿದಳು, "ಅಪ್ಪಾ, ಆ ಕಾಕಾನ ಹೆಸರೇನು?"

"ಪಾರೀಸ. ಅಂವ ಇದ್ದದ್ದಕ್ಕ ನಾ ಇವತ್ತ ಜೀವಂತ ಅದೀನವ್ವಾ."

ನೀನು ಹಿಡಿಸಿ ಕೊಟ್ಟ ದಿನದಿಂದ ಸಿಟ್ಟಿನಲ್ಲಿ ನಿನ್ನೊಡನೆ ಮಾತು ಬಿಟ್ಟಿದ್ದೆ; ಆಮೇಲೆ ನಿನ್ನ ಹೆಸರು ಹೇಳಿದ್ದು ಇದೇ ಮೊದಲು.

ಅಪ್ಪಣ್ಣ