ಹಿಂಬಾಗಿಲ ಜೋಡಿ ಗುಂಡು

ಮೂರ್ನಾಡು
೧೩-೧೧-೧೯೫೯, ಶುಕ್ರವಾರ

ಸೌಭಾಗ್ಯವತಿ ಚಲುವಮ್ಮನಿಗೆ ಪುಟ್ಟಸ್ವಾಮಿ ಮಾಡುವ ಆಶೀರ್ವಾದ.

ಮೊದಲ ಪದವನ್ನು ಇನ್ನೊಂದು ಸಲ ಓದು. ಇಷ್ಟು ವರ್ಷ ಅದನ್ನು ಕೈ ರೂಢಿಗೆ ಬರೆಯುತ್ತಿದ್ದೆ, ಈ ಸಲ ಅರ್ಥ ನೋಡಿ ಬರೆದಿದ್ದೇನೆ. ನಾನು ಸತ್ತಿಲ್ಲ. ಬುಧವಾರ ಪಕ್ಕದಂಗಡಿ ನಂಜಪ್ಪ ನಿಮ್ಮಣ್ಣ ಸಿದ್ದಣ್ಣನಿಗೆ ಕೊಟ್ಟ ತಂತಿ ತಪ್ಪು, ಗುರುವಾರ ನಾನು ಕೊಟ್ಟದ್ದು ಸರಿ. ಸತ್ತವನ ಹೆಸರಿನಲ್ಲಿ ಬಂದ ತಂತಿಯನ್ನು ನಂಬುವ ಆಸಾಮಿ ನಿಮ್ಮಣ್ಣನಲ್ಲ. ಅದಕ್ಕೇ ಕೈಬರಹದಲ್ಲಿ ಈ ಕಾಗದ. ಯಾರೂ ಹೆದರದೆ ಒಡೆಯಲಿ ಎಂದು ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದೇನೆ.

ನಡೆದದ್ದನ್ನು ಸಾಲಾಗಿ ಹೇಳುತ್ತೇನೆ, ಸಾಲು ನನಗೇ ಸಿಕ್ಕುತ್ತಿಲ್ಲವಾದರೂ. ನಮ್ಮ ಬೀದಿ ಕಾಯುವ ಕುಟ್ಟಪ್ಪ ನಿನಗೆ ಗೊತ್ತಲ್ಲ, ಮಿಲಿಟರಿ ಬಿಟ್ಟು ಬಂದವನು. ಮನೆಗಿಷ್ಟು ಎಂದು ತಿಂಗಳಾ ಸಂಬಳ ಕೇಳುತ್ತಿದ್ದ. ಮಳೆಗಾಲ ಮುಗಿಯುತ್ತಲೇ ನಿನ್ನ ಕಾವಲಿನ ಲೆಕ್ಕದಿಂದ ನನ್ನ ಮನೆ ಬಿಡು ಎಂದೆ. ವಿರಾಜಪೇಟೆಯ ಕಮ್ಮಾರನ ಹತ್ತಿರ ಕಬ್ಬಿಣದ ಕೊಳವೆ ಮಾಡಿಸಿದೆ, ಎಸ್ಟೇಟಿನವರು ಹಂದಿ ಹೆದರಿಸಲು ಇಡುತ್ತಾರಲ್ಲ, ಅಂಥದ್ದು. ಕೊಡಗು ಮೈಸೂರಿಗೆ ಸೇರಿ ಮೂರು ವರ್ಷವಾಯಿತು, ಕೋವಿಯ ವಿಷಯದಲ್ಲಿ ಮಾತ್ರ ನಾವಿನ್ನೂ ಹೊರಗಿನವರೇ, ಕೊಡವರಿಗೆ ಬೇಡದ ಲೈಸೆನ್ಸು ನಮಗೆ ಬೇಕು. ಕೊಳವೆಗಾದರೆ ಲೈಸೆನ್ಸು ಬೇಡ. ಒಳಗೆ ಬರೀ ಮದ್ದು, ಗುಂಡಿಲ್ಲ. ಹಿಂಬಾಗಿಲಿಗೆ ದಾರ. ಬಾಗಿಲು ತೆಗೆದರೆ ಢಂ ಎನ್ನಬೇಕು, ಬೀದಿಯವರು ಓಡಿ ಬರಬೇಕು. ಸಂಬಳವಿಲ್ಲದ ಕಾವಲು ಎಂದು ಅಂಗಡಿಗೆ ಬಂದವರಿಗೆಲ್ಲ ವರ್ಣಿಸಿದ್ದೇ ವರ್ಣಿಸಿದ್ದು. ಮೆಣಸಿನ ಮೂಟೆಗೆ ಇಷ್ಟು ಭದ್ರತೆ ಮಡಿಕೇರಿ ಖಜಾನೆಗೂ ಇಲ್ಲ ಎಂದೆ. ಕುಟ್ಟಪ್ಪ ಎಲ್ಲವನ್ನೂ ಕೇಳಿ ಒಂದೇ ಮಾತು ಹೇಳಿದ: "ಸದ್ದು ಅದು ಮಾಡ್ತದೆ ಸಾಮಿ. ಕೇಳಿದವ ಎಂತ ಅಂತ ತಿಳ್ಕೊಳ್ತಾನೆ, ಅದನ್ನು ಯಾರು ಹೇಳಿ ಕೊಡೋದು?" ಸಂಬಳ ಹೋದ ಹೊಟ್ಟೆಯುರಿ ಎಂದುಕೊಂಡೆ.

ತಪ್ಪಾದದ್ದು ಇಲ್ಲಿ. ಒಂದು ಕೊಳವೆ ತುಸ್ ಎಂದರೆ ಇನ್ನೊಂದಿರಲಿ ಎಂದು ಎರಡು ಮಾಡಿಸಿದೆ. ಎರಡಕ್ಕೂ ಒಂದೇ ದಾರ. ಈ ನಾಡಿನಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಸತ್ತರೆ ಬೆನ್ನು ಬೆನ್ನಿಗೆ ಎರಡು. ಇಲ್ಲಿಗೆ ಬಂದು ಹನ್ನೊಂದು ವರ್ಷ, ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಂದರ ಲೆಕ್ಕಕ್ಕೆ ನಮ್ಮ ಮನೆಯಲ್ಲಿ ಅವಕಾಶ ಬರಲಿಲ್ಲ, ಎರಡರದ್ದು ಇಷ್ಟು ಬೇಗ ಬರುತ್ತದೆಂದು ಯಾರು ಯೋಚಿಸುತ್ತಾರೆ.

ಬುಧವಾರ ನಾನು ವಿರಾಜಪೇಟೆ ಸಂತೆಯಲ್ಲಿದ್ದೆ. ಸಂಜೆ ಐದರ ಬಸ್ಸಿಳಿದು ನೋಡಿದರೆ ನಮ್ಮ ಜಗಲಿಯ ತುಂಬ ಬಿಳಿ ಬಟ್ಟೆಯ ಜನ. ಯಾರು ಹೋದದ್ದು ಎಂದು ಹಿಂದೆ ನಿಂತವರನ್ನು ಕೇಳಿದೆ. ತಿರುಗಿ ನೋಡಿದವನು ಅಲ್ಲೇ ಕೂತುಬಿಟ್ಟ. ಮಧ್ಯಾಹ್ನ ಮೂರಕ್ಕೆ ಜೋಡಿ ಗುಂಡು ಕೇಳಿತಂತೆ, ನಾನು ಅಷ್ಟು ವರ್ಣಿಸಿದ ಕೊಳವೆ ಯಾರಿಗೂ ನೆನಪಾಗಲಿಲ್ಲ. ಮುಂಬಾಗಿಲಿಗೆ ಬೀಗ, ಹಿಂಬಾಗಿಲು ತೆರೆದಿದೆ, ಒಳಗೆ ಹೆಣವಿಲ್ಲ. ಪುಟ್ಟಸ್ವಾಮಿ ಸಂತೆಯಲ್ಲೇ ತೀರಿಕೊಂಡ, ಹೆಣ ಹಿಂದೆ ಬರುತ್ತಿದೆ ಎಂದು ನಂಜಪ್ಪ ತೀರ್ಮಾನಿಸಿ ತಂತಿ ಕೊಟ್ಟ. ಸತ್ತವರ ಮನೆಯಲ್ಲಿ ಒಲೆ ಹೊತ್ತಿಸಬಾರದಲ್ಲ, ಎದುರುಮನೆ ಬೋಜಮ್ಮ ದೊಡ್ಡ ಪಾತ್ರೆಯಲ್ಲಿ ಅನ್ನ ತಂದಿದ್ದಳು. ಅವಳು ಅತ್ತಿದ್ದಳು ಚಲುವಿ. ಅವಳಿಗೆ ನೀನು ಯುಗಾದಿಗೆ ಕೊಟ್ಟ ನಾಲ್ಕು ಸೇರು ಅಕ್ಕಿಯನ್ನು ಗಿರಾಕಿಗಳ ಮುಂದೆ ನಾನು ಅವಳಿಂದ ವಾಪಸು ಕೇಳಿದ್ದು, ನೀನು ಮಾತಾಡದೆ ತವರಿಗೆ ಹೊರಟದ್ದು, ಎಲ್ಲ ಆ ಪಾತ್ರೆ ನೋಡುತ್ತ ನೆನಪಾಯಿತು. ಅದೇ ಅನ್ನ ಉಂಡೆ. ಎಷ್ಟು ಸೇರಿನದು ಎಂದು ಕೇಳಲಿಲ್ಲ.

ಇನ್ನು ನನ್ನ ತಲೆ ಕೆಟ್ಟಿರುವ ವಿಷಯ. ಹಿಂಬಾಗಿಲ ಬೀಗ ಒಡೆದಿಲ್ಲ, ಕೀಲಿ ಹಾಕಿ ತೆಗೆದದ್ದು. ಆ ಬೀಗಕ್ಕೆ ಎರಡು ಕೀಲಿ, ಒಂದು ನನ್ನ ಉಡಿದಾರದಲ್ಲಿದೆ. ಗುಂಡು ಹಾರುವ ಹೊತ್ತಿಗೆ ಬೋಜಮ್ಮ ಕಣದಲ್ಲಿ ಕಾಫಿ ಹರಡುತ್ತಿದ್ದಳು. ತಲೆಗೆ ಸೆರಗು ಹೊದ್ದ ಹೆಂಗಸೊಬ್ಬಳು ಹಿತ್ತಲಿಂದ ಓಡಿ ಮಡಿಕೇರಿ ಬಸ್ಸು ಹತ್ತಿದ್ದನ್ನು ಕಂಡಳಂತೆ. ಮುಖ ಕಾಣಲಿಲ್ಲ, ನಡಿಗೆ ನಿನ್ನದೇ ಎಂದಳು. ಸಾವು ಸಾರಲು ನೀನೇ ಗುಂಡು ಹೊಡೆಸಿದೆ ಎಂದು ಅವರೆಲ್ಲ ತಿಳಿದದ್ದೂ ಅದರಿಂದಲೇ. ಕಂಕುಳಲ್ಲಿ ಬಟ್ಟೆಗಂಟಿತ್ತಂತೆ. ಬರುವಾಗಲೇ ಇತ್ತೇ ಎಂದು ಕೇಳಿದೆ. "ಬರುವಾಗ ನಾನು ನೋಡ್ಲಿಲ್ಲ ಅಣ್ಣ. ಹೋಗುವಾಗ ಉಂಟು. ಅಷ್ಟೇ ಹೇಳ್ಬಹುದು," ಎಂದಳು.

ಎರಡು ದಿನದಿಂದ ಈ ಒಂದು ಮಾತನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ಗಂಟು ತಂದದ್ದಾದರೆ ನೀನು ಇರಲು ಬಂದೆ, ಸದ್ದಿಗೆ ಬೆಚ್ಚಿ, ನಿನಗೇ ಕೋವಿ ಇಟ್ಟಿದ್ದಾನೆ ಎಂದುಕೊಂಡು ಹಿಂತಿರುಗಿದೆ. ಒಯ್ದದ್ದಾದರೆ ಇನ್ನು ಬರುವುದಿಲ್ಲವೆಂದೇ ಬಂದೆ. ಬುಧವಾರ ನಾನಿರುವುದಿಲ್ಲ ಎಂದು ನಿನಗೆ ಗೊತ್ತು, ಅದನ್ನು ನೆನೆದರೆ ಎರಡನೆಯದೇ ನಿಜ ಅನಿಸುತ್ತದೆ. ಹಾಗಾದರೆ ಏನು ಹೋಗಿದೆ ನೋಡೋಣವೆಂದು ನಿನ್ನ ಪೆಟ್ಟಿಗೆ ತೆಗೆದೆ. ಏಳು ಸೀರೆ, ಒಂದು ಕುಂಕುಮದ ಭರಣಿ, ಹಳೆಯ ಕಾಗದದ ಕಟ್ಟು. ಮೊದಲು ಎಂಟಿತ್ತೇ, ಏಳೇ ಇತ್ತೇ? ಅಂಗಡಿಯಲ್ಲಿ ಎಷ್ಟು ಮೊಳೆ ಇದೆ ಎಂದು ಕಣ್ಣುಮುಚ್ಚಿ ಹೇಳುವವನು ನಾನು. ಹೆಂಡತಿಯ ಪೆಟ್ಟಿಗೆಯ ಮುಂದೆ ಕೂತು ತಬ್ಬಿಬ್ಬಾದೆ. ಹನ್ನೊಂದು ವರ್ಷದಲ್ಲಿ ಅದನ್ನು ಒಮ್ಮೆಯೂ ನೋಡಿರಲಿಲ್ಲ.

ಬಂದದ್ದು ನೀನೇ ಅಲ್ಲವಾದರೆ ಈ ಪುಟವನ್ನೆಲ್ಲ ಹುಚ್ಚನ ಬರಹವೆಂದು ಮಡಿಸಿಡು. ನೀನೇ ಆದರೆ, ಗಂಟಿನ ವಿಷಯ ಒಂದು ಗೆರೆ ಬರೆ. ಅಕ್ಕಿಯ ವಿಷಯದಲ್ಲಿ ತಪ್ಪು ನನ್ನದು. ಇದನ್ನು ಬೋಜಮ್ಮನಿಗೂ ಹೇಳಿದ್ದೇನೆ, ನಿನಗೆ ಮೊದಲು ಹೇಳಬೇಕಿತ್ತು. ಕೊಳವೆಗಳನ್ನು ಬಿಚ್ಚಿ ಕಮ್ಮಾರನಿಗೆ ವಾಪಸು ಕೊಟ್ಟೆ.

ಊರವರ ಪಾಲಿಗೆ ಒಮ್ಮೆ ಸತ್ತು ಎದ್ದ,
ನಿನ್ನ ಪುಟ್ಟಸ್ವಾಮಿ

ಮ.ವಿ.: ಮೆಣಸಿನ ಮೂಟೆ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಮೆಣಸೆಲ್ಲ ಬೇಸಿಗೆಯಲ್ಲೇ ಮಾರಿಹೋಗಿತ್ತು. ಆ ದಾರ ಕಟ್ಟಿದ್ದು ನಿನ್ನ ಪೆಟ್ಟಿಗೆಯ ಕಾವಲಿಗೆ. ನಾನಿಲ್ಲದಾಗ ಬಂದು ಅದನ್ನು ಒಯ್ದುಬಿಟ್ಟರೆ ಮತ್ತೆ ಈ ಕಡೆ ಬರಲು ನಿನಗೆ ಯಾವ ನೆಪವೂ ಉಳಿಯುವುದಿಲ್ಲ ಎಂಬ ಭಯ. ಹಾಗೆ ಹಿಡಿದಿಟ್ಟುಕೊಂಡದ್ದು ಸರಿಯಲ್ಲ. ಬೇಕು ಎಂದು ಬರೆದರೆ ಬಸ್ಸಿಗೆ ಹಾಕಿಸುತ್ತೇನೆ. ಇವತ್ತು ಅದಕ್ಕೆ ಹಗ್ಗ ಸುತ್ತಿಟ್ಟಿದ್ದೇನೆ. ಗಂಟು ಹಾಕಿಲ್ಲ.